ಕರ್ನಾಟಕದ ನರ್ಸ್ ಜರ್ಮನಿಗೆ ಹೊರಡುವ ಮುನ್ನ: ಹೆಸರಿನ ಇನಿಶಿಯಲ್‌ನಿಂದ ಲೈಸೆನ್ಸ್ ಕೈಗೆ ಬರುವತನಕ

ನರ್ಸಿಂಗ್ ಓದಿದವರ ಮನೆಯಲ್ಲಿ ಒಮ್ಮೆಯಾದರೂ ಈ ಮಾತು ಬಂದಿರುತ್ತದೆ. "ಆ ಹುಡುಗಿ ಜರ್ಮನಿಗೆ ಹೋದಳಂತೆ, ನೀನ್ಯಾಕೆ ನೋಡಬಾರದು?" ನಮ್ಮ ಮನೆಯಲ್ಲೂ ಬಂತು. ನಾನು ಹಾಸನದ ಕಡೆಯವಳು. ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷ ವಾರ್ಡ್ ಡ್ಯೂಟಿ ಮಾಡಿದೆ. ಈಗ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಆಸ್ಪತ್ರೆಯಲ್ಲಿದ್ದೇನೆ.

ನಾನು ಮಾಡಿದ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ತಯಾರಾಗಿದ್ದು ವೀಸಾಕ್ಕೆ. ಅಲ್ಲಿನ ವಾರ್ಡ್‌ಗೆ ತಯಾರಾಗಿರಲಿಲ್ಲ. ವೀಸಾಕ್ಕೆ ಎಷ್ಟು ಭಾಷೆ ಬೇಕೋ ಅಷ್ಟೇ ಕಲಿತು ವಿಮಾನ ಹತ್ತಿದೆ. ಇಲ್ಲಿಗೆ ಬಂದ ಮೇಲೆ, ನರ್ಸ್ ಲೈಸೆನ್ಸ್ ಬರುವತನಕ, ಒಂದು ವರ್ಷಕ್ಕೂ ಜಾಸ್ತಿ ಸಹಾಯಕಿಯ ಸಂಬಳದಲ್ಲಿ ಕಳೆದೆ. ಊರಿನಲ್ಲೇ ಇನ್ನು ನಾಲ್ಕೈದು ತಿಂಗಳು ಕೂತು ಕಲಿತಿದ್ದರೆ ಅದರಲ್ಲಿ ಅರ್ಧ ಸಮಯ ಉಳಿಯುತ್ತಿತ್ತು. ಕೆಳಗೆ ಬರೆದಿರುವುದೆಲ್ಲಾ ಆ ಲೆಕ್ಕದಲ್ಲೇ ಬರೆದದ್ದು. ಶುರುವಿನಿಂದ ವಿಮಾನ ಹತ್ತುವತನಕ ಒಂದೂವರೆಯಿಂದ ಎರಡು ವರ್ಷ ಎಂದು ಇಟ್ಟುಕೊಳ್ಳಿ.

ದೇಶ ಯಾವುದು ಅಂತ ಮೊದಲು ತೀರ್ಮಾನಿಸಿ

ಎರಡು ದೋಣಿಯ ಮೇಲೆ ಕಾಲಿಡಬೇಡಿ. ಪ್ರತಿ ದೇಶದ ತಯಾರಿಯೂ ಬೇರೆ. ಗಲ್ಫ್‌ಗೆ ಹೋಗುವವರಿಗೆ ಸರ್ಟಿಫಿಕೇಟ್‌ಗಳು ಅಸಲಿಯೇ ಎಂದು ನೋಡುವ ಡೇಟಾಫ್ಲೋ ಪರಿಶೀಲನೆ, ಲೈಸೆನ್ಸ್‌ಗೆ ಪ್ರೊಮೆಟ್ರಿಕ್ ಪರೀಕ್ಷೆ ಇರುತ್ತವೆ. ಬ್ರಿಟನ್‌ಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು, ಇಲ್ಲವೇ ಆರೋಗ್ಯ ಸಿಬ್ಬಂದಿಗೆಂದೇ ಇರುವ ಓಇಟಿ ಇಂಗ್ಲಿಷ್ ಪರೀಕ್ಷೆ. ಆಮೇಲೆ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋಗಿ ಓಸ್ಕಿ ಪ್ರಾಯೋಗಿಕ ಪರೀಕ್ಷೆ. ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಅನ್ನು ಬೆಂಗಳೂರಿನಲ್ಲೇ ಬರೆಯಬಹುದು. ಆದರೆ ವೀಸಾದ ಸಾಲು ವರ್ಷಗಟ್ಟಲೆ.

ಜರ್ಮನಿ ಇಂಗ್ಲಿಷ್ ಪರೀಕ್ಷೆ ಕೇಳುವುದಿಲ್ಲ. ಅದರ ಬದಲಿಗೆ ಪೂರ್ತಿ ಒಂದು ಹೊಸ ಭಾಷೆ ಕೇಳುತ್ತದೆ. ಹೊಸ ಭಾಷೆ ಕಲಿಯುವ ತಾಳ್ಮೆ ಇಲ್ಲ ಅನಿಸಿದರೆ ಇಲ್ಲೇ ನಿಲ್ಲಿಸಿ, ಬ್ರಿಟನ್ ನೋಡಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹೆಸರು ಸರಿಮಾಡಿಕೊಳ್ಳಿ

ಜರ್ಮನ್ ಕ್ಲಾಸ್‌ಗೆ ಸೇರುವ ಮೊದಲೇ ಈ ಕೆಲಸ ಶುರುಮಾಡಿ. ನಮ್ಮ ಕಡೆಯವರಿಗೆ ಇದು ದೊಡ್ಡ ತಲೆನೋವು.

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ "ಲತಾ ಎಚ್. ಎಂ." ಅಂತ ಇರುತ್ತದೆ. ಎಚ್ ಅಂದರೆ ಊರು, ಎಂ ಅಂದರೆ ಅಪ್ಪ. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆಯಬೇಕು. ಕೆಲವರು ಊರಿನ ಹೆಸರನ್ನು ಸರ್‌ನೇಮ್ ಮಾಡಿಸಿರುತ್ತಾರೆ, ಕೆಲವರು ಅಪ್ಪನ ಹೆಸರನ್ನು, ಇನ್ನು ಕೆಲವರು ಆ ಜಾಗವನ್ನೇ ಖಾಲಿ ಬಿಟ್ಟಿರುತ್ತಾರೆ. ಜರ್ಮನ್ ಕಚೇರಿಗೆ ಹೆಸರು ಒಂದು, ಮನೆತನದ ಹೆಸರು ಒಂದು, ಎರಡೂ ಬೇಕೇ ಬೇಕು. ಡಿಗ್ರಿಯಲ್ಲಿ ಒಂದು ಸ್ಪೆಲ್ಲಿಂಗ್, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಇನ್ನೊಂದು ಇದ್ದರೆ ಅವರ ಕಣ್ಣಿಗೆ ಅದು ಇಬ್ಬರು ಹೆಂಗಸರು. ಇನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲ ಎಂದರೆ ನೀವು ಅದೃಷ್ಟವಂತರು. ಎಲ್ಲಾ ಕಾಗದ ಮುಂದೆ ಹರಡಿಕೊಂಡು, ಯಾವ ರೂಪ ಜಾಸ್ತಿ ಕಡೆ ಇದೆ ನೋಡಿ, ಅದನ್ನೇ ಪಾಸ್‌ಪೋರ್ಟ್‌ಗೆ ಹಾಕಿಸಿ. ಆಗಲೇ ಮಾಡಿಸಿದ್ದರೆ ತಿದ್ದಿಸಲು ಸಾಧ್ಯವಾದದ್ದನ್ನು ತಿದ್ದಿಸಿ. ಉಳಿದದ್ದಕ್ಕೆ ಇವರಿಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಜನನ ಪ್ರಮಾಣಪತ್ರವನ್ನೂ ಇವತ್ತೇ ತೆಗೆದು ನೋಡಿ. ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಜನರ ಪತ್ರದಲ್ಲಿ ಅಪ್ಪ ಅಮ್ಮನ ಹೆಸರಿರುತ್ತದೆ, ಮಗುವಿನ ಹೆಸರಿನ ಜಾಗ ಖಾಲಿ. ನನ್ನದೂ ಹಾಗೇ ಇತ್ತು. ಹೆಸರು ಸೇರಿಸಲು ನಾಡಕಚೇರಿ, ತಾಲ್ಲೂಕು ಕಚೇರಿ ಅಂತ ಅಪ್ಪ ಆರು ಸಲ ಓಡಾಡಿದರು. ಜನನ ನೋಂದಣಿಯೇ ಆಗಿಲ್ಲದಿದ್ದರೆ ಓಡಾಟ ಇನ್ನೂ ಜಾಸ್ತಿ.

ಮಿಕ್ಕ ಕಾಗದಗಳು

ಡಿಗ್ರಿ ಅಥವಾ ಡಿಪ್ಲೊಮಾ ಸರ್ಟಿಫಿಕೇಟ್, ಎಲ್ಲಾ ವರ್ಷದ ಮಾರ್ಕ್ಸ್ ಕಾರ್ಡ್, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ, ಅದೇ ಕೌನ್ಸಿಲ್‌ನಿಂದ ನಿಮ್ಮ ಮೇಲೆ ಯಾವ ದೂರೂ ಇಲ್ಲವೆಂಬ ಪತ್ರ, ಅನುಭವ ಪತ್ರ, ಪೊಲೀಸ್ ಕ್ಲಿಯರೆನ್ಸ್. ಇವು ಎಲ್ಲರಿಗೂ ಗೊತ್ತಿರುವವು.

ಜನ ಮರೆಯುವುದು ಟ್ರಾನ್ಸ್‌ಕ್ರಿಪ್ಟ್. ಬರೀ ಅಂಕಪಟ್ಟಿ ಸಾಲುವುದಿಲ್ಲ. ಯಾವ ವಿಷಯ ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಕ್ಲಿನಿಕಲ್, ಯಾವ ವಾರ್ಡ್‌ನಲ್ಲಿ ಎಂದು ವಿವರವಾಗಿ ಬರೆದಿರಬೇಕು. ಜರ್ಮನಿಯವರು ನಿಮ್ಮ ಓದನ್ನು ತಮ್ಮ ಓದಿನ ಪಕ್ಕ ಇಟ್ಟು ಗಂಟೆ ಲೆಕ್ಕ ಹಾಕುವುದು ಇದರ ಮೇಲೆಯೇ. ಬಿಎಸ್ಸಿಯವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ, ಜಿಎನ್‌ಎಂನವರಿಗೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ಮತ್ತು ಓದಿದ ಶಾಲೆ, ಇವುಗಳ ಜೊತೆ ವ್ಯವಹಾರ. ಕಾಲೇಜಿನಲ್ಲಿ ನಿಮ್ಮನ್ನು ಗುರುತಿಸುವ ಮೇಷ್ಟ್ರು ಇರುವಾಗಲೇ ಮಾಡಿಸಿಕೊಳ್ಳಿ.

ಅನುವಾದಕ್ಕೆ ಮಾತ್ರ ಆತುರ ಬೇಡ. ಜರ್ಮನಿಯ ಯಾವ ರಾಜ್ಯಕ್ಕೆ ಅರ್ಜಿ ಹಾಕುತ್ತೀರೋ ಆ ರಾಜ್ಯ ಯಾವ ಅನುವಾದಕರನ್ನು ಒಪ್ಪುತ್ತದೆ ಎಂದು ಕೇಳಿಕೊಂಡ ಮೇಲೆ ದುಡ್ಡು ಖರ್ಚು ಮಾಡಿ. ನನ್ನ ಗೆಳತಿಯೊಬ್ಬಳು ಎಲ್ಲವನ್ನೂ ಎರಡು ಸಲ ಅನುವಾದ ಮಾಡಿಸಿದಳು.

ಭಾಷೆ: ನಿಜವಾದ ಕೆಲಸ ಇಲ್ಲಿದೆ

ಜರ್ಮನ್ ಕಲಿಕೆಯ ಹಂತಗಳು ಕೆಳಗಿನಿಂದ ಮೇಲಕ್ಕೆ ಎ1, ಎ2, ಬಿ1, ಬಿ2 ಎಂದು ಹೋಗುತ್ತವೆ. ಬಿ1 ಇಟ್ಟುಕೊಂಡು ಜರ್ಮನಿಗೆ ಬಂದವರು ಬಹಳ ಜನ. ಆದರೆ ನರ್ಸ್ ಎಂದು ಪೂರ್ತಿ ಲೈಸೆನ್ಸ್ ಸಿಗಲು ಸಾಮಾನ್ಯವಾಗಿ ಬಿ2 ಬೇಕು. ಈ ಎರಡರ ನಡುವಿನ ಅಂತರದಲ್ಲೇ ನಾನು ಸಿಕ್ಕಿಹಾಕಿಕೊಂಡಿದ್ದು. ಎಂಟು ಗಂಟೆ ಡ್ಯೂಟಿ ಮಾಡಿ, ಮನೆಗೆ ಬಂದು, ಅಡುಗೆ ಮಾಡಿ, ಆಮೇಲೆ ಬಿ2 ಪುಸ್ತಕ ಬಿಚ್ಚುವುದಿದೆಯಲ್ಲ, ನಿದ್ದೆಯೇ ಗೆಲ್ಲುವುದು.

ಜರ್ಮನ್ ಕಲಿಸುವ ಗ್ಯೋಥೆ ಸಂಸ್ಥೆಯ ಲೆಕ್ಕದಲ್ಲಿ ಶುರುವಿನಿಂದ ಬಿ2 ಮುಟ್ಟಲು 45 ನಿಮಿಷದ 600ರಿಂದ 800 ಪಾಠ ಬೇಕು. ದಿನಕ್ಕೆ ನಾಲ್ಕು ಪಾಠ, ವಾರಕ್ಕೆ ಐದು ದಿನ ಎಂದರೂ 30ರಿಂದ 40 ವಾರ ಆಯಿತು. ಇದು ಒಂದು ದಿನವೂ ತಪ್ಪಿಸದೆ ಕೂತವರ ಲೆಕ್ಕ. ಕೆಲಸ ಮಾಡುತ್ತಾ ಕಲಿಯುವವರು ಒಂದೂವರೆ ವರ್ಷ ಎಂದುಕೊಳ್ಳಿ. "ಮೂರು ತಿಂಗಳಲ್ಲಿ ಬಿ2" ಎಂಬ ಬೋರ್ಡ್ ಕಂಡರೆ ಆ ಕಡೆ ಮುಖ ಹಾಕಬೇಡಿ.

ಅದೇ ಗ್ಯೋಥೆ ಸಂಸ್ಥೆಯದ್ದಾದ ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪಾಠವೂ ಇದೆ, ಪರೀಕ್ಷೆಯೂ ಇದೆ. ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಎಂದು ನಾಲ್ಕು ಭಾಗ. ಬಿ1, ಬಿ2ಗಳಲ್ಲಿ ಪ್ರತಿ ಭಾಗಕ್ಕೂ 100 ಅಂಕ, 60 ಬಂದರೆ ಪಾಸ್. ಒಂದು ಭಾಗ ಹೋದರೆ ಅದನ್ನಷ್ಟೇ ಮತ್ತೆ ಬರೆಯಬಹುದು. ಪರೀಕ್ಷೆಯ ಸೀಟುಗಳು ಬೇಗ ತುಂಬುತ್ತವೆ. ಹಾಗಾಗಿ ಪಾಠ ಮುಗಿಯಲಿ ಆಮೇಲೆ ನೋಡೋಣ ಅನ್ನಬೇಡಿ.

ಕನ್ನಡಿಗರಿಗೆ ಜರ್ಮನ್ ಅಷ್ಟೇನೂ ಪರಕೀಯವಲ್ಲ ಎನ್ನುವುದು ನನ್ನ ಅನುಭವ. ಪಾಠ ಹೇಳುವವರು ಇಂಗ್ಲಿಷ್ ಮೂಲಕ ಹೇಳುವುದರಿಂದ ನಮಗೆ ಕಷ್ಟ ಅನಿಸುತ್ತದೆ. ಸುಮ್ನೆ ಕನ್ನಡದಿಂದ ಹೋಗಿ ನೋಡಿ. "ಡು" ಅಂದರೆ ನೀನು, "ಸೀ" ಅಂದರೆ ನೀವು. ಯಾರಿಗೆ ಯಾವುದು ಎಂದು ಇಂಗ್ಲಿಷ್‌ನವರಿಗೆ ವಿವರಿಸಬೇಕು, ನಮಗೆ ಹೇಳಿಕೊಡಬೇಕಾ? "ವೈಲ್" ಎಂದು ಕಾರಣ ಹೇಳುವ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ನಮ್ಮಲ್ಲಿ ಅದು ಯಾವಾಗಲೂ ಕೊನೆಯಲ್ಲೇ ಇರುವುದು. "ಬ್ಲೂಟ್‌ಡ್ರುಕ್‌ಮೆಸ್‌ಗೆರೇಟ್" ಎಂಬ ರೈಲುಗಾಡಿ ಪದವನ್ನು ಬಿಡಿಸಿದರೆ ರಕ್ತ, ಒತ್ತಡ, ಅಳತೆ, ಸಾಧನ. ಅಂದರೆ ನಮ್ಮ ಬಿಪಿ ಮೆಷಿನ್. ಸಮಾಸ ಬಿಡಿಸಿದವರಿಗೆ ಇದೇನು ಹೊಸದಲ್ಲ.

ಕೈಕೊಡುವುದು ಸಂಖ್ಯೆ. ನಾವು ಇಪ್ಪತ್ತೈದು ಅನ್ನುತ್ತೇವೆ, ಅವರು "ಐದು ಮತ್ತು ಇಪ್ಪತ್ತು" ಅನ್ನುತ್ತಾರೆ. ಲ್ಯಾಬ್‌ನವರು ಫೋನಿನಲ್ಲಿ ಪಟಪಟ ಅಂಕಿ ಹೇಳಿದಾಗ 52 ಬರೆಯಬೇಕಾದ ಕಡೆ 25 ಬರೆದುಬಿಡುತ್ತೀರಿ. ಜೊತೆಗೆ ಅಲ್ಲಿ ದಶಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ. ಅರ್ಧ ಮಿಲಿಗ್ರಾಂ ಅಂದರೆ 0,5. ಹೆಪಾರಿನ್ ಡೋಸ್ 5.000 ಎಂದು ಬರೆದಿದ್ದರೆ ಅದು ಐದಲ್ಲ, ಐದು ಸಾವಿರ ಯೂನಿಟ್. ಶುಗರ್ ಕೂಡ ಪಶ್ಚಿಮ ಜರ್ಮನಿಯಲ್ಲಿ ನಮ್ಮ ಹಾಗೆ ಮಿಲಿಗ್ರಾಂ ಲೆಕ್ಕ. ಹಳೆಯ ಪೂರ್ವ ಜರ್ಮನಿಯ ರಾಜ್ಯಗಳಲ್ಲಿ ಮಿಲಿಮೋಲ್ ಲೆಕ್ಕ. ಅಲ್ಲಿ 6 ಎಂದು ಕಂಡು, ಶುಗರ್ ಕುಸಿದಿದೆ ಎಂದುಕೊಂಡು ಗ್ಲೂಕೋಸ್ ಹಾಕಲು ಓಡಬೇಡಿ. ದಿನಕ್ಕೆ ಹತ್ತು ನಿಮಿಷ ಯಾರಾದರೂ ಜರ್ಮನ್‌ನಲ್ಲಿ ಅಂಕಿ ಹೇಳಲಿ, ನೀವು ಬರೆಯಿರಿ. ಪುಸ್ತಕದಲ್ಲಿ ಈ ಅಭ್ಯಾಸ ಸಾಕಷ್ಟು ಇರುವುದಿಲ್ಲ.

ಬಿ1 ಆದ ಮೇಲೆ ಆಸ್ಪತ್ರೆ ಭಾಷೆಗೆ ಇಳಿಯಿರಿ. ನಾನು ಕೊನೆಕೊನೆಗೆ ಕಂಡುಕೊಂಡ ಉಪಾಯ ಇದು. ಊರಿನ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ರಾತ್ರಿ, ಅವತ್ತಿನ ಐದು ಪೇಶೆಂಟ್‌ಗಳ ಹ್ಯಾಂಡೋವರನ್ನು, ಅಂದರೆ ಮುಂದಿನ ಪಾಳಿಯವರಿಗೆ ಒಪ್ಪಿಸುವ ವರದಿಯನ್ನು, ಜರ್ಮನ್‌ನಲ್ಲಿ ಮೊಬೈಲ್‌ಗೆ ಹೇಳಿ ರೆಕಾರ್ಡ್ ಮಾಡಿ, ಹೆಸರು ಮಾತ್ರ ಬಿಟ್ಟು. ರಾತ್ರಿ ನಿದ್ದೆ ಬಂತಾ, ನೋವು ಎಷ್ಟು, ಗಾಯ ಹೇಗಿದೆ, ಏನು ತಿಂದರು, ಡ್ರೆಸ್ಸಿಂಗ್ ಯಾವಾಗ. ಮೊದಲ ವಾರ ನಿಮ್ಮ ಧ್ವನಿ ಕೇಳಿ ನಿಮಗೇ ನಗು ಬರುತ್ತದೆ. ಎರಡು ತಿಂಗಳಿಗೆ ನಾಲಿಗೆ ತಿರುಗುತ್ತದೆ. ಟೆಲ್ಕ್ ಸಂಸ್ಥೆಯವರು ನರ್ಸಿಂಗ್‌ಗೆಂದೇ ಬಿ1-ಬಿ2 ಪರೀಕ್ಷೆ ನಡೆಸುತ್ತಾರೆ. ಅದರ ಮಾದರಿ ಪ್ರಶ್ನೆಪತ್ರಿಕೆ ಒಳ್ಳೆಯ ಅಭ್ಯಾಸ.

ಇಷ್ಟೆಲ್ಲಾ ಕಲಿತು ಬಂದರೂ ಆಡುಮಾತು ಬೇರೆಯೇ ಇರುತ್ತದೆ. ಪುಸ್ತಕದ ಕನ್ನಡ ಕಲಿತವರನ್ನು ಕುಂದಾಪುರದ ಮೀನು ಮಾರ್ಕೆಟ್‌ನಲ್ಲಿ ಬಿಟ್ಟ ಹಾಗೆ. ನಮ್ಮ ಭಾಗದಲ್ಲಿ ಶ್ವೇಬಿಷ್ ಮಾತಾಡುತ್ತಾರೆ. ಒಂದು ರಾತ್ರಿ ಅಜ್ಜಿಯೊಬ್ಬರು "ಟೆಪಿಶ್" ಕೊಡು ಅಂದರು. ಪುಸ್ತಕದಲ್ಲಿ ಅದಕ್ಕೆ ನೆಲಹಾಸು ಎಂದರ್ಥ. ಇವರಿಗೆ ಯಾಕೆ ಈಗ ಕಾರ್ಪೆಟ್ ಎಂದು ನಿಂತುಬಿಟ್ಟೆ. ಅವರು ಕೇಳಿದ್ದು ಹೊದಿಕೆ. "ಫೂಸ್" ನೋವು ಎಂದರೆ ಪುಸ್ತಕದ ಪ್ರಕಾರ ಪಾದ. ಶ್ವೇಬಿಷ್ ಅಜ್ಜಿಗೆ ತೊಡೆಯಿಂದ ಬೆರಳಿನವರೆಗೂ ಫೂಸ್. ಇದೊಂದು ಮಾತ್ರ ನನಗೆ ತಕ್ಷಣ ಹೊಳೆಯಿತು. ನಮ್ಮಲ್ಲೂ ಅದೆಲ್ಲಾ ಕಾಲೇ ಅಲ್ವಾ?

ಮಾನ್ಯತೆ ಅಂದರೆ ಏನು

ಇಲ್ಲಿ ಇದಕ್ಕೆ "ಆನ್‌ಎರ್ಕೆನುಂಗ್" ಅನ್ನುತ್ತಾರೆ. ಜರ್ಮನಿಯಲ್ಲಿ 16 ರಾಜ್ಯಗಳು, ಒಂದೊಂದಕ್ಕೂ ತನ್ನದೇ ಕಚೇರಿ. ನೀವು ಕೆಲಸ ಮಾಡಲಿರುವ ರಾಜ್ಯದ ಕಚೇರಿಗೆ ಕಾಗದ ಹೋಗುತ್ತದೆ. ಕಾಗದ ಪೂರ್ತಿ ಇದ್ದರೆ ಮೂರ್ನಾಲ್ಕು ತಿಂಗಳು. ಒಂದು ಕಾಗದ ಕಡಿಮೆ ಇದ್ದರೂ ಫೈಲ್ ಅಲ್ಲೇ ಕೂರುತ್ತದೆ.

ಭಾರತದಿಂದ ಬಂದವರಿಗೆ ಹೆಚ್ಚಾಗಿ ಸಿಗುವ ಉತ್ತರ "ಡೆಫಿಟ್ಸಿಟ್‌ಬೆಶೈಡ್". ಅಂದರೆ, ನಿಮ್ಮ ಓದಿನಲ್ಲಿ ಇಂತಿಂಥದ್ದು ಕಡಿಮೆ ಇದೆ ಎಂಬ ಪತ್ರ. ಹೆಸರು ಕೇಳಿ ಫೇಲ್ ಆದೆ ಎಂದು ಅಳುವವರಿದ್ದಾರೆ. ಇದು ಫೇಲ್ ಅಲ್ಲ. ಈ ಪತ್ರ ಹಿಡಿದೇ ಹೆಚ್ಚಿನವರು ವೀಸಾ ಪಡೆಯುವುದು. ಇಲ್ಲಿಗೆ ಬಂದು ಕಡಿಮೆ ಇರುವುದನ್ನು ತುಂಬಿಸಲು ಎರಡು ದಾರಿ. ಒಂದು, ಆಸ್ಪತ್ರೆಯಲ್ಲಿ ಕೆಲವು ತಿಂಗಳ ಹೊಂದಾಣಿಕೆ ತರಬೇತಿ, ಕೊನೆಗೆ ಒಂದು ಸಂಭಾಷಣೆ. ಇನ್ನೊಂದು, ನೇರವಾಗಿ ಜ್ಞಾನ ಪರೀಕ್ಷೆ: ಒಂದು ಮೌಖಿಕ, ಒಂದು ವಾರ್ಡ್‌ನಲ್ಲಿ ಪ್ರಾಯೋಗಿಕ. ಇದರಲ್ಲಿ ಹೋದರೆ ಮತ್ತೊಂದೇ ಅವಕಾಶ. ನನ್ನ ಸಲಹೆ ಕೇಳಿದರೆ, ಭಾಷೆ ಗಟ್ಟಿ ಇದ್ದು ಓದು ಇನ್ನೂ ನೆನಪಿದ್ದವರು ಪರೀಕ್ಷೆ ತೆಗೆದುಕೊಳ್ಳಲಿ. ಭಾಷೆ ಅಳುಕು ಇದ್ದವರಿಗೆ ತರಬೇತಿ ವಾಸಿ.

ಅನುಮಾನ ಇದ್ದರೆ ಬಾನ್‌ನಲ್ಲಿ ಜರ್ಮನ್ ಸರ್ಕಾರದ ಮಾನ್ಯತಾ ಸಲಹಾ ಕೇಂದ್ರವಿದೆ. ವಿದೇಶದಲ್ಲಿರುವವರಿಗೆ ಉಚಿತವಾಗಿ ದಾರಿ ಹೇಳುತ್ತಾರೆ. ನಿಯಮಗಳು ಆಗಾಗ ಬದಲಾಗುತ್ತವೆ. ಅದಕ್ಕೆ "ಮೇಕ್ ಇಟ್ ಇನ್ ಜರ್ಮನಿ" ಎಂಬ ಸರ್ಕಾರಿ ಜಾಲತಾಣವನ್ನೇ ನೋಡಿ. ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ನಂಬಬೇಡಿ.

ಏಜೆಂಟ್, ದುಡ್ಡು, ಒಪ್ಪಂದ

ಮೊದಲ ಸಲ ನಾನು ಒಬ್ಬರಿಗೆ 40,000 ರೂಪಾಯಿ ಮುಂಗಡ ಕೊಟ್ಟೆ. ರಸೀದಿ ಕೊಡಲಿಲ್ಲ. ನಾಲ್ಕು ತಿಂಗಳು "ಪ್ರೊಸೆಸ್ ಆಗ್ತಿದೆ ಮೇಡಂ" ಎಂಬ ಮೆಸೇಜ್, ಆಮೇಲೆ ಫೋನ್ ಸ್ವಿಚ್ ಆಫ್.

ನೀವು ಹೀಗೆ ಮಾಡಿ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು, ನೋಂದಣಿ ಸಂಖ್ಯೆ ಹುಡುಕಿ. ಅಲ್ಲಿ ಇಲ್ಲದಿದ್ದರೆ ಕಾಫಿ ಕುಡಿದು ಎದ್ದು ಬನ್ನಿ. ಆ ನಿಯಮಗಳಡಿ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ. ಲಕ್ಷಗಟ್ಟಲೆ ಕೇಳುವವರು ಯಾವ ಲೆಕ್ಕದಲ್ಲಿ ಕೇಳುತ್ತಾರೆ ಎಂದು ನೀವೇ ಯೋಚಿಸಿ.

ಜರ್ಮನಿಯ ಕಡೆಯಿಂದ ನೋಡಿದರೆ, ನ್ಯಾಯವಾಗಿ ನಡೆಯುವ ನೇಮಕಾತಿಯಲ್ಲಿ ನರ್ಸ್ ಏಜೆಂಟ್‌ಗೆ ಒಂದು ಪೈಸೆಯೂ ಕೊಡಬೇಕಾಗಿಲ್ಲ. ಅಲ್ಲಿ ನರ್ಸ್‌ಗಳು ಬೇಕಾಗಿರುವುದು ಅವರಿಗೆ. ವಿದೇಶದಿಂದ ನರ್ಸ್‌ಗಳನ್ನು ನ್ಯಾಯವಾಗಿ ಕರೆತರುವ ಸಂಸ್ಥೆಗಳಿಗೆ ಜರ್ಮನ್ ಸರ್ಕಾರದ ಒಂದು ಗುಣಮುದ್ರೆ ಇದೆ, ಹೆಸರು "ಫೇರೆ ಆನ್‌ವೆರ್ಬುಂಗ್ ಫ್ಲೇಗೆ ಡಾಯ್ಚ್‌ಲಾಂಡ್". ಅದರ ಮೂಲ ನಿಯಮವೇ ಖರ್ಚು ಮಾಲೀಕರದ್ದು ಎಂಬುದು. ಸಂದರ್ಶನದಲ್ಲಿ ಆ ಮುದ್ರೆ ಇದೆಯಾ ಎಂದು ಕೇಳಿ. ನಮ್ಮ ರಾಜ್ಯದ ಕೌಶಲ್ಯ ಇಲಾಖೆಯಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಯಾವ ದೇಶಕ್ಕೆ ಆಯ್ಕೆ ನಡೆಯುತ್ತಿದೆ ಎಂದು ಅಲ್ಲೂ ವಿಚಾರಿಸಿ.

ಒಪ್ಪಂದ ಕೈಗೆ ಬಂದಾಗ ನಾಲ್ಕು ಸಾಲು ಹುಡುಕಿ. ಲೈಸೆನ್ಸ್ ಬರುವತನಕ ಸಂಬಳ ಎಷ್ಟು, ಬಂದ ಮೇಲೆ ಎಷ್ಟು. ಮಾನ್ಯತೆಯ ತರಬೇತಿ, ಪರೀಕ್ಷೆ ಖರ್ಚು ಯಾರದ್ದು. ಕೆಲಸ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ. ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಕೊಡಬೇಕು. ಈ ಕೊನೆಯದು ಸಣ್ಣ ಅಕ್ಷರದಲ್ಲಿ ಕೊನೆಯ ಪುಟದಲ್ಲಿ ಇರುತ್ತದೆ. ಜರ್ಮನ್ ಬಲ್ಲವರಿಂದ ಓದಿಸದೆ ಸಹಿ ಹಾಕಬೇಡಿ.

ಸಂಬಳವನ್ನು ರೂಪಾಯಿಗೆ ಗುಣಿಸಿ ಮನೆಯವರಿಗೆ ಹೇಳುವ ಮುಂಚೆ ಒಂದು ಮಾತು. ಅವರು ಹೇಳುವುದು ಕಡಿತಕ್ಕೆ ಮುಂಚಿನ ಅಂಕಿ. ಒಂಟಿಯಾಗಿ ಇರುವವರಿಗೆ 3,000 ಯೂರೋ ಎಂದರೆ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲಾ ಹೋಗಿ ಕೈಗೆ ಸುಮಾರು 2,050 ಬರುತ್ತದೆ. ಅದರಲ್ಲಿ ಬಾಡಿಗೆ. ಮನೆಯಲ್ಲಿ ಟಿವಿ ಇರಲಿ ಬಿಡಲಿ, ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ಇದು ಕಡಿಮೆ ಅಲ್ಲ, ಆದರೆ ಊರಿನಲ್ಲಿ ಹಬ್ಬಿದಷ್ಟೂ ಅಲ್ಲ.

ಕೆಲಸವೇ ಬೇರೆ ಥರ

ಇದನ್ನು ಯಾವ ಕೋರ್ಸ್‌ನಲ್ಲೂ ನನಗೆ ಹೇಳಲಿಲ್ಲ. ನಮ್ಮಲ್ಲಿ ಪೇಶೆಂಟ್ ಸ್ನಾನ, ಊಟ, ಬಟ್ಟೆ ಎಲ್ಲಾ ಮನೆಯವರು ನೋಡಿಕೊಳ್ಳುತ್ತಾರೆ, ಇಲ್ಲವೇ ಆಯಾ. ನರ್ಸ್ ಎಂದರೆ ಇಂಜೆಕ್ಷನ್, ಐವಿ, ಔಷಧಿ, ಡಾಕ್ಟರ್ ರೌಂಡ್ಸ್. ಜರ್ಮನಿಯಲ್ಲಿ ಪೇಶೆಂಟ್ ಜೊತೆ ಮನೆಯವರು ರಾತ್ರಿ ಮಲಗುವ ಪದ್ಧತಿಯೇ ಇಲ್ಲ. ಮುಖ ತೊಳೆಸುವುದು, ಹಲ್ಲಿನ ಸೆಟ್ ತೊಳೆಯುವುದು, ಶೌಚಕ್ಕೆ ಕರೆದೊಯ್ಯುವುದು, ಊಟ ಮಾಡಿಸುವುದು ಎಲ್ಲಾ ನರ್ಸ್ ಕೆಲಸ. ಅದಕ್ಕೆ "ಗ್ರುಂಡ್‌ಫ್ಲೇಗೆ" ಎಂಬ ಹೆಸರು. ರಕ್ತ ತೆಗೆಯುವುದು, ಕ್ಯಾನುಲಾ ಹಾಕುವುದನ್ನು ಎಷ್ಟೋ ಕಡೆ ಡಾಕ್ಟರೇ ಮಾಡುತ್ತಾರೆ. ಐಸಿಯು ಮಾಡಿ ಬಂದ ನಮ್ಮವರು ಮೊದಲ ತಿಂಗಳು ಅವಮಾನವಾದಂತೆ ಕೂರುತ್ತಾರೆ. ನಾನೂ ಕೂತಿದ್ದೆ. ಆಮೇಲೆ ತಿಳಿಯಿತು, ಬೆನ್ನು ಒರೆಸುವಾಗಲೇ ಒತ್ತಡದ ಹುಣ್ಣು ಶುರುವಾಗುವ ಕೆಂಪು ಕಾಣುವುದು, ಊಟ ಮಾಡಿಸುವಾಗಲೇ ನುಂಗಲು ಆಗುತ್ತಿಲ್ಲ ಎಂದು ಗೊತ್ತಾಗುವುದು. ಜ್ಞಾನ ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ.

ಹೊರಡುವ ಮೊದಲು ವಯಸ್ಸಾದವರ ವಾರ್ಡ್‌ನಲ್ಲಿ ಆರು ತಿಂಗಳು ಕೆಲಸ ಮಾಡಿ. ಮರೆವಿನ ಕಾಯಿಲೆ, ಬೀಳದಂತೆ ನೋಡಿಕೊಳ್ಳುವುದು, ಒತ್ತಡದ ಹುಣ್ಣು, ನೋವು ಅಳೆಯುವುದು, ಈ ನಾಲ್ಕು ವಿಷಯ ಚೆನ್ನಾಗಿ ಓದಿ. ಜರ್ಮನಿಯಲ್ಲಿ ಇವಕ್ಕೆಲ್ಲಾ "ಎಕ್ಸ್‌ಪೆರ್ಟೆನ್‌ಸ್ಟಾಂಡರ್ಡ್" ಎಂಬ ಬರೆದಿಟ್ಟ ನಿಯಮಗಳಿವೆ. ಹೆಸರುಗಳನ್ನಾದರೂ ಬಾಯಿಪಾಠ ಮಾಡಿಕೊಂಡು ಬನ್ನಿ.

ವೀಸಾ ಮತ್ತು ಮೊದಲ ವಾರಗಳು

ವೀಸಾ ಭಾಗ ಚಿಕ್ಕದು. ಪಾಸ್‌ಪೋರ್ಟ್, ಮಾನ್ಯತೆಯ ಪತ್ರ, ಒಪ್ಪಂದ, ಭಾಷೆಯ ಸರ್ಟಿಫಿಕೇಟ್, ಶುಲ್ಕ 75 ಯೂರೋಗೆ ಸಮನಾದ ರೂಪಾಯಿ. ಮಾಲೀಕರು ಮನಸ್ಸು ಮಾಡಿದರೆ ಜರ್ಮನಿಯಲ್ಲಿ ಶುಲ್ಕ ಕಟ್ಟಿ ತ್ವರಿತ ಪ್ರಕ್ರಿಯೆಗೆ ಹಾಕಬಹುದು. ಅದನ್ನು ಕೇಳಲು ಸಂಕೋಚ ಬೇಡ.

ಲಸಿಕೆ ಕಾರ್ಡ್ ಮರೆಯಬೇಡಿ. 2020ರಿಂದ ಜರ್ಮನಿಯಲ್ಲಿ ಆಸ್ಪತ್ರೆ ಕೆಲಸಕ್ಕೆ ದಡಾರದ ರಕ್ಷಣೆ ಇದೆ ಎಂದು ತೋರಿಸಲೇಬೇಕು. ಬಾಲ್ಯದ ಕಾರ್ಡ್ ಇಲ್ಲದವರು ಊರಿನಲ್ಲೇ ರಕ್ತಪರೀಕ್ಷೆ ಮಾಡಿಸಿ ಅಥವಾ ಎರಡು ಡೋಸ್ ಹಾಕಿಸಿಕೊಂಡು ಬರಹದಲ್ಲಿ ತನ್ನಿ.

ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಕೊಟ್ಟವರ ಸಹಿ ಇರುವ ಪತ್ರ ಅದಕ್ಕೆ ಬೇಕು. ಆ ನೋಂದಣಿ ಆದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಹಾಗಾಗಿ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಅದೂ ಪಾಸ್‌ಪೋರ್ಟ್‌ನಲ್ಲಿ ಇರುವ ಮನೆತನದ ಹೆಸರೇ. ನಾನು ಮೊದಲ ತಿಂಗಳು ಬರೀ ನನ್ನ ಹೆಸರು ಬರೆದು, ಬ್ಯಾಂಕ್ ಕಾರ್ಡ್ ಯಾಕೆ ಬರಲಿಲ್ಲ ಎಂದು ಕಾಯುತ್ತಿದ್ದೆ.

ಕೊನೆಗೆ ಪರೀಕ್ಷೆಯೋ ತರಬೇತಿಯೋ ಮುಗಿದು, ಬಿ2 ಸರ್ಟಿಫಿಕೇಟ್ ಸೇರಿಸಿದ ಮೇಲೆ ಒಂದು ದಿನ "ಉರ್ಕುಂಡೆ" ಬರುತ್ತದೆ. ಮುದ್ರೆ ಒತ್ತಿದ, ನೀವು ಪೂರ್ತಿ ನರ್ಸ್ ಎನ್ನುವ ಕಾಗದ. ಫೋಟೋ ತೆಗೆದು ಅಮ್ಮನಿಗೆ ಕಳಿಸಿ, ಖಂಡಿತ ಕಳಿಸಿ. ಆದರೆ ಅದೇ ದಿನ ಒಂದು ಪ್ರತಿಯನ್ನು ಆಸ್ಪತ್ರೆಯ ಸಿಬ್ಬಂದಿ ಕಚೇರಿಗೆ ಕೊಟ್ಟು, ತಲುಪಿತು ಎಂದು ಬರೆಸಿಕೊಳ್ಳಿ. ಸಂಬಳ ಏರಬೇಕಾದರೆ ಆ ಪ್ರತಿ ಅವರ ಕೈ ಸೇರಬೇಕು. ನಾನು ಖುಷಿಯಲ್ಲಿ ಮೂರು ವಾರ ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದೆ.